ಮಗಳ ಪ್ರಶ್ನೆಗೆ ಮೊದಲು ಉತ್ತರ ಹುಡುಕಿ: ಮಿಷನರಿಗಳಾಗಿ ಫಿಲಿಪ್ಪೀನ್ಸ್‌ಗೆ ಹೊರಟ ಕುಟುಂಬಕ್ಕೆ

ಪ್ರಶ್ನೆ: ನಾವು ಉಡುಪಿಯವರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ನನ್ನ ಗಂಡ ಸಭಾಪಾಲಕರು, ನಾನು ನರ್ಸ್. ಮುಂದಿನ ವರ್ಷ ಫಿಲಿಪ್ಪೀನ್ಸ್‌ನ ನೆಗ್ರೋಸ್ ದ್ವೀಪಕ್ಕೆ ಮಿಷನರಿಗಳಾಗಿ ಹೋಗುತ್ತಿದ್ದೇವೆ. ದುಮಗೆಟೆ ಪಟ್ಟಣದ ಹತ್ತಿರ ಇರುತ್ತೇವೆ, ಐದು ವರ್ಷದ ಮಟ್ಟಿಗೆ. ಮಗಳಿಗೆ 12, ಮಗನಿಗೆ 7. ಅಲ್ಲಿನ ಸಂಸ್ಕೃತಿ ಈಗಿನಿಂದಲೇ ಪರಿಚಯ ಆಗಲಿ ಅಂತ ಶನಿವಾರ ರಾತ್ರಿ ಫಿಲಿಪಿನೊ ಅಡುಗೆ ಮಾಡುತ್ತೇವೆ, ವಿಡಿಯೊ ನೋಡುತ್ತೇವೆ, ಫೋನಿನಲ್ಲಿ ಟಾಗಲೋಗ್ ಕಲಿಯುತ್ತಿದ್ದೇವೆ. ಇಷ್ಟು ಸಾಕಾ? ಅತ್ತೆಯವರಿಗೆ ಚಂಡಮಾರುತ, ಭೂಕಂಪದ್ದೇ ಹೆದರಿಕೆ. ಇನ್ನೊಂದು ವಿಷಯ. ‘ಅವರೆಲ್ಲ ಆಗಲೇ ಕ್ರೈಸ್ತರಲ್ವಾ, ಮತ್ತೆ ನಾವ್ಯಾಕೆ ಹೋಗೋದು?’ ಅಂತ ಮಗಳು ಕೇಳುತ್ತಾಳೆ. ಏನು ಹೇಳಬೇಕು ಅಂತ ನಮಗೆ ತಿಳಿಯುತ್ತಿಲ್ಲ.

ಉತ್ತರ: ಮಗಳ ಪ್ರಶ್ನೆಯನ್ನು ನೀವು ಕೊನೆಗೆ ಬರೆದಿದ್ದೀರಿ. ನಾನು ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಆ ದೇಶದಲ್ಲಿ ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಈಗ ಹೊರಡುವ ಕುಟುಂಬಗಳಿಗೆ ತಯಾರಿ ಮಾಡಿಸುತ್ತೇನೆ. ಈ ಪ್ರಶ್ನೆಯನ್ನು ಮನೆಯೊಳಗೇ ಕೇಳಿಕೊಂಡು ಹೊರಟವರು ಅಲ್ಲಿ ಚೆನ್ನಾಗಿ ನೆಲೆಯೂರುತ್ತಾರೆ. ಹಾಗಾಗಿ ಅವಳನ್ನು ಸುಮ್ಮನಾಗಿಸಬೇಡಿ.

ಅವಳು ಹೇಳುವುದು ನಿಜವೇ. 2020ರ ಜನಗಣತಿಯಲ್ಲಿ ಅಲ್ಲಿನ ಶೇ 78.8 ಮಂದಿ ರೋಮನ್ ಕ್ಯಾಥೊಲಿಕರು ಎಂದು ಬರೆಸಿದ್ದಾರೆ. ಮುಸ್ಲಿಮರು ಶೇ 6.4ರಷ್ಟು, ಹೆಚ್ಚಾಗಿ ದಕ್ಷಿಣದ ಮಿಂಡನಾವೊ ಮತ್ತು ಸುಲು ಕಡೆ. ಉಳಿದವರಲ್ಲೂ ಬಹುಪಾಲು ಬೇರೆ ಬೇರೆ ಪಂಗಡದ ಕ್ರೈಸ್ತರು. ನೀವು ಇಳಿಯುವ ಊರಿನಲ್ಲಿ ಯೇಸುವಿನ ಹೆಸರು ಕೇಳದ ಮನೆ ಸಿಗುವುದು ಕಷ್ಟ.

ಆ ಕಥೆ 1521ರಲ್ಲಿ ಶುರುವಾಗುತ್ತದೆ. ಸ್ಪೇನ್ ರಾಜನ ಪರವಾಗಿ ಬಂದ ಮೆಗೆಲ್ಲನ್, ನಿಮ್ಮ ದ್ವೀಪದ ಪಕ್ಕದಲ್ಲೇ ಇರುವ ಸೆಬು ದ್ವೀಪಕ್ಕೆ ಏಪ್ರಿಲ್‌ನಲ್ಲಿ ಬಂದ. ಅಲ್ಲಿನ ರಾಜ ಹುಮಾಬೋನ್ ದೀಕ್ಷಾಸ್ನಾನ ಪಡೆದ. ರಾಣಿಗೆ ಬಾಲಯೇಸುವಿನ ಒಂದು ಪುಟ್ಟ ಮೂರ್ತಿ ಕೊಟ್ಟರು. ಕೆಲವೇ ದಿನಕ್ಕೆ, ಏಪ್ರಿಲ್ 27ರಂದು, ಪಕ್ಕದ ಮಕ್ತಾನ್ ದ್ವೀಪದಲ್ಲಿ ಲಾಪುಲಾಪುವಿನ ಜನರ ಕೈಯಲ್ಲಿ ಮೆಗೆಲ್ಲನ್ ಸತ್ತ. ಸ್ಪೇನಿನವರು ಮತ್ತೆ ಬಂದು ನೆಲೆ ನಿಂತದ್ದು 1565ರಲ್ಲಿ. ಆಗ ಸುಟ್ಟುಹೋದ ಒಂದು ಮನೆಯಲ್ಲಿ ಅದೇ ಮೂರ್ತಿ ಸಿಕ್ಕಿತು. ಇವತ್ತಿಗೂ ಅದು ಸೆಬುವಿನ ಬೆಸಿಲಿಕಾದಲ್ಲಿದೆ. ಜನವರಿಯ ಮೂರನೇ ಭಾನುವಾರ ಅದರ ಹೆಸರಿನಲ್ಲಿ ನಡೆಯುವ ಸಿನುಲೋಗ್ ಹಬ್ಬಕ್ಕೆ ಲಕ್ಷಾಂತರ ಜನ ಸೇರುತ್ತಾರೆ. ಮೂರ್ತಿಯನ್ನು ಹೃದಯಕ್ಕೆ ಒತ್ತಿಕೊಂಡು ಅಳುವವರನ್ನು ನೀವು ಅಲ್ಲಿ ನೋಡುತ್ತೀರಿ. ನಿಮ್ಮ ಸಭೆಯಲ್ಲಿ ಮೂರ್ತಿಗಳಿಲ್ಲ. ಮಕ್ಕಳಿಗೆ ಇದು ವಿಚಿತ್ರ ಅನ್ನಿಸಬಹುದು. ಆ ಭಕ್ತಿಯ ಹಿಂದೆ ಐದು ಶತಮಾನ ಇದೆ ಎಂಬುದು ಅವರಿಗೆ ಮೊದಲೇ ಗೊತ್ತಿರಲಿ.

ಇದರ ಇನ್ನೊಂದು ಮುಖವನ್ನೂ ಹೇಳಿಕೊಡಿ. ಸ್ಪೇನಿನ ಸನ್ಯಾಸಿ ಪಾದ್ರಿಗಳು ದೊಡ್ಡ ಜಮೀನುದಾರರೂ ಆಗಿದ್ದರು. ಊರಿನ ಮಾತು ಅವರ ಕೈಯಲ್ಲಿತ್ತು. ಸ್ಥಳೀಯ ಪಾದ್ರಿಗಳಿಗೆ ಸಭೆಗಳನ್ನು ಬಿಟ್ಟುಕೊಡಲು ಅವರು ಒಪ್ಪಲಿಲ್ಲ. 1872ರಲ್ಲಿ ಗೋಮೆಜ್, ಬುರ್ಗೋಸ್, ಜಮೋರಾ ಎಂಬ ಮೂವರು ಪಾದ್ರಿಗಳನ್ನು ದಂಗೆಯ ಆರೋಪ ಹೊರಿಸಿ ಕೊಂದರು. ಆಗ ಹುಡುಗನಾಗಿದ್ದ ಹೊಸೆ ರಿಸಾಲ್ ಮುಂದೆ ಪಾದ್ರಿಗಳ ದಬ್ಬಾಳಿಕೆಯನ್ನು ಕಾದಂಬರಿಗಳಲ್ಲಿ ಬರೆದ. 1896ರ ಡಿಸೆಂಬರ್ 30ರಂದು ಅವನನ್ನೂ ಗುಂಡಿಟ್ಟು ಕೊಂದರು. ಅವನೇ ಇವತ್ತು ಆ ದೇಶದ ದೊಡ್ಡ ವೀರ. ಅವನ ಪ್ರತಿಮೆ ಇಲ್ಲದ ಊರಿಲ್ಲ. 1902ರಲ್ಲಿ ರೋಮ್ ಜೊತೆ ಸಂಬಂಧ ಕಡಿದುಕೊಂಡು ಫಿಲಿಪಿನೊಗಳದ್ದೇ ಒಂದು ಸ್ವತಂತ್ರ ಸಭೆ ಹುಟ್ಟಿತು. ಅದರ ನಾಯಕ ಗ್ರೆಗೋರಿಯೊ ಅಗ್ಲಿಪಾಯ್. ನಿಮ್ಮ ನೆರೆಹೊರೆಯಲ್ಲಿ ಆ ಸಭೆಯವರೂ ಇರುತ್ತಾರೆ. ನಂಬಿಕೆ ಬೇಕು, ಹೊರಗಿನವರ ಯಜಮಾನಿಕೆ ಬೇಡ ಎಂದು ಆ ಜನ ರಕ್ತ ಕೊಟ್ಟು ಹೇಳಿದ್ದಾರೆ. ಮಿಷನರಿಯಾಗಿ ಹೋಗುವವರು ಇದನ್ನು ಓದದೆ ವಿಮಾನ ಹತ್ತಬಾರದು.

ಪ್ರೊಟೆಸ್ಟೆಂಟರು ಬಂದದ್ದು ಅಮೆರಿಕನ್ನರ ಆಳ್ವಿಕೆಯ ಜೊತೆಗೆ, 1898ರ ನಂತರ. ಅದೂ ಯುದ್ಧದ ಕಾಲ. ಸ್ವಾತಂತ್ರ್ಯ ಬಂದೇ ಬಿಟ್ಟಿತು ಅಂದುಕೊಂಡಿದ್ದ ಫಿಲಿಪಿನೊಗಳ ಮೇಲೆ ಅಮೆರಿಕದ ಸೇನೆ ಯುದ್ಧ ಮಾಡುತ್ತಿತ್ತು. 1901ರಲ್ಲಿ ಮಿಷನ್‌ಗಳು ಸೇರಿ ಯಾವ ಸೀಮೆ ಯಾರಿಗೆ ಎಂದು ಹಂಚಿಕೊಂಡವು. ನಿಮ್ಮ ಪೂರ್ವ ನೆಗ್ರೋಸ್ ಪ್ರೆಸ್ಬಿಟೇರಿಯನ್ನರ ಪಾಲಿಗೆ ಬಂತು, ಪಶ್ಚಿಮ ನೆಗ್ರೋಸ್ ಬ್ಯಾಪ್ಟಿಸ್ಟರ ಪಾಲಿಗೆ. ಅದೇ ವರ್ಷ ಆಗಸ್ಟ್ 28ರಂದು ದುಮಗೆಟೆಯಲ್ಲಿ ಹುಡುಗರಿಗೊಂದು ಶಾಲೆ ಶುರುವಾಯಿತು. ಹೊರೇಸ್ ಸಿಲ್ಲಿಮನ್ ಎಂಬ ಅಮೆರಿಕದ ವ್ಯಾಪಾರಿ 10,000 ಡಾಲರ್ ಕೊಟ್ಟಿದ್ದ. ಇವತ್ತಿನ ಸಿಲ್ಲಿಮನ್ ವಿಶ್ವವಿದ್ಯಾಲಯ ಅದೇ. ಸಮುದ್ರದ ಪಕ್ಕ, ದೊಡ್ಡ ಮರಗಳ ನೆರಳಿನ ಆ ಆವರಣದಲ್ಲಿ ನಿಮ್ಮ ಮಕ್ಕಳು ಎಷ್ಟೋ ಸಂಜೆ ಕಳೆಯುತ್ತಾರೆ. ಅಲ್ಲಿ ದೇವತಾಶಾಸ್ತ್ರ ಕಲಿಸುವ ಶಾಲೆಯೂ ಇದೆ.

1948ರಲ್ಲಿ ಹಲವು ಪ್ರೊಟೆಸ್ಟೆಂಟ್ ಪಂಗಡಗಳು ಒಂದಾಗಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಇನ್ ದ ಫಿಲಿಪ್ಪೀನ್ಸ್ ಆಯಿತು. ನಮ್ಮ ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್‌ನಲ್ಲಿ. ಎರಡೂ ಒಂದೇ ಕಾಲದ ಮಕ್ಕಳು. ಎರಡರ ಹಿಂದೆಯೂ ಹೊರದೇಶದ ಮಿಷನ್‌ಗಳಿದ್ದವು. ಎರಡೂ ತಮ್ಮ ಜನರ ಕೈಗೆ ಬಂದು ಎಷ್ಟೋ ಕಾಲವಾಯಿತು. ದುಮಗೆಟೆ ಕಡೆಯ ಪ್ರೊಟೆಸ್ಟೆಂಟ್ ಪಾಸ್ಟರ್‌ಗಳಲ್ಲಿ ನಾಲ್ಕನೇ ತಲೆಮಾರಿನವರೂ ಸಿಗುತ್ತಾರೆ.

ಮಗಳಿಗೆ ಹೇಳಬೇಕಾದ ಉತ್ತರಕ್ಕೆ ಈಗ ದಾರಿ ಕಾಣುತ್ತದೆ. ‘ಅವರು ಕರೆದಿದ್ದಾರೆ, ಅದಕ್ಕೆ ಹೋಗುತ್ತೇವೆ. ಅವರ ಸಭೆಯ ಕೆಲಸದಲ್ಲಿ ಕೈಜೋಡಿಸುತ್ತೇವೆ. ಅವರಿಂದ ಕಲಿಯುತ್ತೇವೆ.’ ಆದರೆ ಇದನ್ನು ಹೇಳುವ ಮುಂಚೆ ಅದು ನಿಜವಾ ಅಂತ ನೋಡಿಕೊಳ್ಳಿ. ನಿಮ್ಮನ್ನು ಕಳಿಸುವ ಮಿಷನ್ ಬೋರ್ಡಿನವರನ್ನು ಕೇಳಿ: ಅಲ್ಲಿನ ಸಭೆ ಏನು ಕೇಳಿದೆ? ಆ ಪತ್ರ ನಮಗೆ ತೋರಿಸುತ್ತೀರಾ? ನಾವು ಯಾರ ಕೈಕೆಳಗೆ ಕೆಲಸ ಮಾಡಬೇಕು? ನೀವು ನರ್ಸ್. ಅವರಿಗೆ ಬೇಕಿರುವುದು ಬೆಟ್ಟದ ಊರುಗಳಲ್ಲಿ ಆರೋಗ್ಯದ ಕೆಲಸವೋ, ಭಾನುವಾರದ ಶಾಲೆಯೋ? ನಿಮ್ಮ ಗಂಡ ಪ್ರಸಂಗ ಮಾಡಬೇಕೋ, ಯುವಕರ ಜೊತೆ ಇರಬೇಕೋ? ಅಲ್ಲಿಂದ ಯಾರೂ ಏನೂ ಕೇಳಿಲ್ಲ, ಯೋಜನೆ ಪೂರ್ತಿ ಇಲ್ಲಿಯದೇ ಎಂದು ಗೊತ್ತಾದರೆ ಹೊರಡುವ ದಿನವನ್ನು ಮುಂದೆ ಹಾಕಿ. ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಕರಾವಳಿಯವರಾದ ನಿಮಗೆ ಒಂದು ಅನುಕೂಲ ಇದೆ. ಮಿಷನರಿಗಳು ಬಂದಿಳಿದ ಊರು ಹೇಗಿರುತ್ತದೆ ಎಂದು ನಿಮ್ಮ ಹಿರಿಯರಿಗೆ ಗೊತ್ತು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕಿಟೆಲರ ನಿಘಂಟು ಅಚ್ಚಾದದ್ದು 1894ರಲ್ಲಿ. ದಶಕಗಟ್ಟಲೆ ಕೂತು ಕನ್ನಡ ಕಲಿತವರು ಅವರು. ಹಂಚಿನ ಕಾರ್ಖಾನೆ, ನೇಯ್ಗೆ, ಅಚ್ಚುಕೂಟ ಎಲ್ಲ ಕಟ್ಟಿದರು. ಅದರ ಜೊತೆಗೆ, ಸಭೆಗೆ ಸೇರಿದವರು ಕೆಲಸಕ್ಕೂ ಮನೆಗೂ ಮಿಷನ್ನನ್ನೇ ಕಾಯುವ ಹಾಗಾಯಿತು. ಅತ್ತೆಯವರ ಹತ್ತಿರ ಮಕ್ಕಳನ್ನು ಕೂರಿಸಿ. ‘ಅಜ್ಜಿ, ನಿಮ್ಮ ಹಿರಿಯರು ಮಿಷನರಿಗಳ ಬಗ್ಗೆ ಏನು ಹೇಳುತ್ತಿದ್ದರು? ಯಾವುದು ಇಷ್ಟವಾಗಿತ್ತು? ಯಾವುದಕ್ಕೆ ಬೇಜಾರಿತ್ತು?’ ಅಂತ ಕೇಳಲಿ. ಒಂದು ಸಂಜೆ ಇದಕ್ಕೇ ಇಡಿ. ಇದಕ್ಕಿಂತ ಒಳ್ಳೆಯ ಪಾಠ ನನ್ನಲ್ಲಿಲ್ಲ.

ಇನ್ನು ಭಾಷೆ. ಟಾಗಲೋಗ್ ಆ್ಯಪ್ ಪಕ್ಕಕ್ಕಿಡಿ. ದುಮಗೆಟೆಯ ಬೀದಿ, ಮಾರುಕಟ್ಟೆ, ಆಸ್ಪತ್ರೆಯ ಹಾಸಿಗೆ, ಮನೆಯ ಪ್ರಾರ್ಥನೆ ಎಲ್ಲವೂ ಸೆಬುವಾನೊ ಭಾಷೆಯಲ್ಲಿ. ಜನ ಅದನ್ನು ಬಿಸಾಯ ಅನ್ನುತ್ತಾರೆ. ಟಾಗಲೋಗ್ ಮನಿಲಾ ಸುತ್ತಿನ ಭಾಷೆ. ಅದನ್ನು ಆಧಾರವಾಗಿ ಇಟ್ಟುಕೊಂಡ ಫಿಲಿಪಿನೊ ರಾಷ್ಟ್ರಭಾಷೆ. ಇಂಗ್ಲಿಷೂ ಆಡಳಿತ ಭಾಷೆ. ಬಿಸಾಯ ಸೀಮೆಯವರಿಗೆ ಮನಿಲಾ ಭಾಷೆಯ ಹೇರಿಕೆ ಬಗ್ಗೆ ಹಳೆಯ ಬೇಸರವಿದೆ. ಅವರ ಭಾಷೆಯಲ್ಲಿ ನಾಲ್ಕು ತಪ್ಪು ಮಾತಾಡಿದರೂ ಮುಖ ಅರಳುತ್ತದೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಳಿಗ್ಗೆ ಸಿಕ್ಕರೆ ‘ಮಾಯೋಂಗ್ ಬುನ್ತಾಗ್’. ಕೃತಜ್ಞತೆಗೆ ‘ಸಲಾಮತ್’. ದಯವಿಟ್ಟು ಅನ್ನಲು ‘ಪಲಿಹುಗ್’. ಯಾರದಾದರೂ ಮನೆ ಮುಂದೆ ನಿಂತು ಕರೆಯಲು ‘ಅಯೋ!’. ವಯಸ್ಸಿನಲ್ಲಿ ದೊಡ್ಡವರಾದ ಗಂಡಸರು ‘ಮನೋಂಗ್’, ಹೆಂಗಸರು ‘ಮನಾಂಗ್’. ಹೆಸರಿಗೆ ಮೊದಲು ಇದನ್ನು ಸೇರಿಸದೆ ಕರೆಯಬಾರದು. ಅಜ್ಜ ‘ಲೋಲೊ’, ಅಜ್ಜಿ ‘ಲೋಲಾ’. ಮನಿಲಾದ ವಿಡಿಯೊಗಳಲ್ಲಿ ಮಾತು ಮಾತಿಗೂ ಬರುವ ‘ಪೊ’ ಇಲ್ಲಿ ಕೇಳಿಸುವುದಿಲ್ಲ. ಮರ್ಯಾದೆ ದನಿಯಲ್ಲೂ ಈ ಸಂಬಂಧದ ಮಾತುಗಳಲ್ಲೂ ಇರುತ್ತದೆ. ಹಿರಿಯರು ಸಿಕ್ಕಾಗ ಮಕ್ಕಳು ಅವರ ಕೈ ಹಿಡಿದು ತಮ್ಮ ಹಣೆಗೆ ಮುಟ್ಟಿಸಿಕೊಳ್ಳುತ್ತಾರೆ. ಇದನ್ನು ನಿಮ್ಮ ಮಕ್ಕಳಿಗೆ ಈಗಲೇ ರೂಢಿ ಮಾಡಿಸಿ. ಕಾಲಿಗೆ ನಮಸ್ಕಾರ ಮಾಡುವುದನ್ನು ನೋಡಿ ಬೆಳೆದ ಮಕ್ಕಳಿಗೆ ಅದು ಸಲೀಸು.

ಹೋದ ಮೇಲೆ ಮೊದಲ ಆರು ತಿಂಗಳು ಭಾಷೆಗೇ ಬಿಟ್ಟುಕೊಡಿ ಎಂದು ಮಿಷನ್ ಬೋರ್ಡಿಗೆ ಈಗಲೇ ಬರೆದು ಒಪ್ಪಿಗೆ ಪಡೆಯಿರಿ. ‘ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತೆ’ ಅನ್ನುತ್ತಾರೆ. ಬರುತ್ತದೆ. ಆದರೆ ಸೋತುಹೋದ ಅಜ್ಜಿ ನರ್ಸ್ ಹತ್ತಿರ ನೋವು ಹೇಳಿಕೊಳ್ಳುವುದು ಇಂಗ್ಲಿಷಿನಲ್ಲಿ ಅಲ್ಲ.

ಶಾಲೆಯಲ್ಲಿ ಮಾತ್ರ ಸ್ವಲ್ಪ ತೊಡಕಿದೆ. 2024ರ ಅಕ್ಟೋಬರ್‌ನಲ್ಲಿ ಬಂದ ಕಾನೂನಿನ ಪ್ರಕಾರ ಮೂರನೇ ತರಗತಿವರೆಗಿದ್ದ ಮಾತೃಭಾಷಾ ಮಾಧ್ಯಮ ಹೋಗಿ, ಫಿಲಿಪಿನೊ ಮತ್ತು ಇಂಗ್ಲಿಷ್ ಬಂದಿವೆ. ಅಂದರೆ ಮಗ ಆಟದ ಮೈದಾನದಲ್ಲಿ ಬಿಸಾಯ ಕೇಳುತ್ತಾನೆ, ತರಗತಿಯಲ್ಲಿ ಫಿಲಿಪಿನೊ ಓದುತ್ತಾನೆ. ಏಳು ವರ್ಷದವನಿಗೆ ಬೇಗ ಹಿಡಿತ ಸಿಗುತ್ತದೆ. ಮಗಳಿಗೆ ಕಷ್ಟ ಜಾಸ್ತಿ. ಗೆಳತಿಯರನ್ನು ಬಿಟ್ಟು ಹೋಗುವ ವಯಸ್ಸು ಅವಳದು. ಅವಳ ದುಃಖಕ್ಕೆ ಜಾಗ ಕೊಡಿ. ‘ದೇವರ ಕೆಲಸ’ ಎಂಬ ಮಾತನ್ನು ಅವಳ ಅಳುವಿನ ಮೇಲೆ ಮುಚ್ಚಬೇಡಿ. ಶಾಲಾ ವರ್ಷ ಈಗ ನಮ್ಮಂತೆಯೇ ಜೂನ್‌ನಲ್ಲಿ ಶುರು. ಏಪ್ರಿಲ್-ಮೇನಲ್ಲಿ ಹೊರಟರೆ ವರ್ಷ ಹಾಳಾಗುವುದಿಲ್ಲ.

ನಿಮ್ಮ ಶನಿವಾರದ ಅಡುಗೆ ನನಗೆ ಇಷ್ಟವಾಯಿತು. ಅದನ್ನು ಬಿಡಬೇಡಿ, ಆದರೆ ನೆಗ್ರೋಸ್ ಕಡೆಗೆ ತಿರುಗಿಸಿ. ಅಡೋಬೊ, ಲೆಚೋನ್‌ನಂಥ ಮಾಂಸದ ಅಡುಗೆ ಹಬ್ಬದ ದಿನಕ್ಕಿರಲಿ. ದಿನದ ಊಟ ಬೇರೆ. ನುಗ್ಗೆಸೊಪ್ಪು, ಸಿಹಿಗುಂಬಳ, ಬೆಂಡೆ ಹಾಕಿದ ತೆಳು ಸಾರಿಗೆ ‘ಉತಾನ್ ಬಿಸಾಯ’ ಅನ್ನುತ್ತಾರೆ. ಮಸಾಲೆ ಇಲ್ಲ, ಖಾರ ಇಲ್ಲ. ಮಕ್ಕಳಿಗೆ ಮೊದಮೊದಲು ಸಪ್ಪೆ ಅನ್ನಿಸುತ್ತದೆ. ವಿನಿಗರ್, ಶುಂಠಿಯಲ್ಲಿ ಬೇಯಿಸಿದ ಮೀನು ‘ಇನುನ್-ಉನಾನ್’. ಒಣಮೀನಿಗೆ ‘ಬುಲಾಡ್’. ಕರಾವಳಿಯವರಿಗೆ ಅದರ ವಾಸನೆ ಹೊಸದಲ್ಲ. ಅನ್ನದ ಬದಲು ಬಿಳಿ ಮೆಕ್ಕೆಜೋಳದ ನುಚ್ಚು ಉಣ್ಣುವ ಮನೆಗಳೂ ಬಹಳ, ಅದರಲ್ಲೂ ಬೆಟ್ಟದ ಕಡೆ. ದುಮಗೆಟೆ ಮಾರುಕಟ್ಟೆಯಲ್ಲಿ ಬೆಳಗಿನ ಜಾವವೇ ತೆರೆಯುವ ಸಾಲು ಅಂಗಡಿಗಳಿವೆ. ಅಲ್ಲಿ ‘ಬುಡ್‌ಬುಡ್ ಕಬೋಗ್’ ಸಿಗುತ್ತದೆ. ಸಿರಿಧಾನ್ಯವನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಬಾಳೆಎಲೆಯಲ್ಲಿ ಸುತ್ತಿದ್ದು. ಜೊತೆಗೆ ಬಿಸಿ ಗಟ್ಟಿ ಕೋಕೊ. ಎಲೆಯಲ್ಲಿ ಬೇಯಿಸಿದ ಕೊಟ್ಟಿಗೆ, ಪತ್ತೋಳಿ ತಿಂದು ಬೆಳೆದ ಮಕ್ಕಳು ಅದನ್ನು ಬೇಗ ಒಪ್ಪಿಕೊಳ್ಳುತ್ತಾರೆ. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್ ಹಿಡಿದು ಉಣ್ಣುವುದು ಸಾಮಾನ್ಯ. ಕೈಯಲ್ಲಿ ಉಂಡರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಮನೆಯವರು ಖುಷಿಪಡುತ್ತಾರೆ.

ಯಾವ ಮನೆಗೆ ಹೋದರೂ ‘ಕಾಓನ್ ತಾ’ ಅನ್ನುತ್ತಾರೆ, ಊಟ ಮಾಡೋಣ ಬನ್ನಿ ಅಂತ. ದಾರಿಯಲ್ಲಿ ಪೊಟ್ಟಣ ಬಿಚ್ಚಿ ತಿನ್ನುತ್ತಿರುವವರೂ ಹಾಗೇ ಕರೆಯುತ್ತಾರೆ. ಅದು ಮರ್ಯಾದೆಯ ಮಾತು. ಒಂದು ಸಲ ಕರೆದರೆ ನಗುತ್ತಾ ‘ಸಲಾಮತ್, ಹೊಟ್ಟೆ ತುಂಬಿದೆ’ ಅನ್ನಿ. ಎರಡು, ಮೂರು ಸಲ ಒತ್ತಾಯ ಮಾಡಿದರೆ ಕೂತು ಎರಡು ತುತ್ತು ತಿನ್ನಿ. ಬಡವರ ಮನೆ ಎಂದು ಬೇಡ ಅನ್ನುವುದು ತಪ್ಪು. ಅವರಿಗೆ ನೋವಾಗುತ್ತದೆ.

ಈ ವಿಷಯವನ್ನು ಇನ್ನೂ ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿನ ಸಂಬಂಧಗಳೆಲ್ಲ ಒಬ್ಬರಿಂದೊಬ್ಬರು ಪಡೆದ ಉಪಕಾರದ ಮೇಲೆ ನಿಂತಿವೆ. ಟಾಗಲೋಗ್‌ನಲ್ಲಿ ‘ಉತಾಂಗ್ ನಾ ಲೋಓಬ್’ ಅನ್ನುತ್ತಾರೆ, ಬಿಸಾಯದಲ್ಲಿ ‘ಉತಾಂಗ್ ಕಬುಬುತ್-ಓನ್’. ನಮ್ಮ ಋಣ ಇದ್ದ ಹಾಗೆ. ಕಷ್ಟಕಾಲದಲ್ಲಿ ಆದವರನ್ನು ಜೀವಮಾನ ಮರೆಯುವುದಿಲ್ಲ, ಮರೆತವನಿಗೆ ನಾಚಿಕೆ ಇಲ್ಲ ಅನ್ನುತ್ತಾರೆ. ಇದರಲ್ಲಿ ಮಿಷನರಿಗೆ ಒಂದು ಅಪಾಯ ಇದೆ. ನೀವು ಬರೀ ಕೊಡುತ್ತಾ ಹೋದರೆ ಊರೆಲ್ಲ ನಿಮಗೆ ಋಣಿಯಾಗುತ್ತದೆ. ನಿಮ್ಮ ಸಲಹೆ ತಪ್ಪು ಅನ್ನಿಸಿದರೂ ಯಾರೂ ಎದುರು ಹೇಳುವುದಿಲ್ಲ. ಹೇಳಿದರೆ ನಾಚಿಕೆಗೇಡು. ಸಭೆಯ ಕಮಿಟಿಯಲ್ಲಿ ಎಲ್ಲರೂ ತಲೆ ಆಡಿಸುತ್ತಾರೆ, ಕೆಲಸ ಮಾತ್ರ ಆಗುವುದಿಲ್ಲ. ಅದಕ್ಕೆ ಮೊದಲ ದಿನದಿಂದ ತೆಗೆದುಕೊಳ್ಳುವುದನ್ನೂ ಕಲಿಯಿರಿ. ಪಕ್ಕದ ಮನೆಯಿಂದ ಪಾತ್ರೆ ಕೇಳಿ ತನ್ನಿ. ಮಾರುಕಟ್ಟೆಗೆ ಅವರ ಜೊತೆ ಹೋಗಿ ಚೌಕಾಸಿ ಕಲಿಸಿಕೊಡಿ ಅನ್ನಿ. ಮಗನಿಗೆ ಜ್ವರ ಬಂದರೆ, ನೀವು ನರ್ಸೇ ಆಗಿದ್ದರೂ, ಪಕ್ಕದ ಲೋಲಾ ತಂದ ಸೊಪ್ಪಿನ ಗಂಜಿಯನ್ನು ಸ್ವೀಕರಿಸಿ. ಪಡೆದದ್ದನ್ನು ಮರುದಿನವೇ ತೀರಿಸಲು ಹೋಗಬೇಡಿ. ತಕ್ಷಣ ತೀರಿಸಿದರೆ ‘ನಿಮ್ಮ ಸಂಬಂಧ ಬೇಡ’ ಅಂದಂತೆ ಆಗುತ್ತದೆ.

‘ಇಲ್ಲ’ ಎಂಬ ಮಾತೂ ಅಲ್ಲಿ ಅಪರೂಪ. ‘ನೋಡೋಣ’, ‘ಪ್ರಯತ್ನ ಮಾಡುತ್ತೇನೆ’ ಅಂದರೆ ಬಹಳ ಸಲ ಆಗುವುದಿಲ್ಲ ಎಂದೇ ಅರ್ಥ. ಹುಬ್ಬು ಮೇಲೆತ್ತಿದರೆ ‘ಹೌದು’. ತುಟಿ ಮುಂದೆ ಮಾಡಿದರೆ ‘ಅಲ್ಲಿದೆ ನೋಡು’. ಇವನ್ನು ಮಕ್ಕಳು ವಾರದಲ್ಲಿ ಕಲಿಯುತ್ತಾರೆ. ಎದುರಿಗೇ ‘ದಪ್ಪ ಆಗಿದ್ದೀರಿ’ ಅನ್ನುವುದು, ವಯಸ್ಸು ಕೇಳುವುದು, ಎರಡೇ ಮಕ್ಕಳಾ ಅನ್ನುವುದು ನಮ್ಮೂರಲ್ಲೂ ಉಂಟಲ್ಲ. ಬಿಳಿ ಮೈಬಣ್ಣದ ಹುಚ್ಚೂ ನಮ್ಮಷ್ಟೇ ಇದೆ. ಸೋಪು, ಕ್ರೀಮುಗಳಲ್ಲೆಲ್ಲ ಅದೇ. ಮಗಳ ಬಣ್ಣದ ಬಗ್ಗೆ ಯಾರಾದರೂ ಏನಾದರೂ ಅಂದರೆ ಏನು ಉತ್ತರ ಕೊಡಬೇಕು ಎಂದು ಮನೆಯಲ್ಲೇ ಮಾತಾಡಿಕೊಳ್ಳಿ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಮಾತಿದೆ. ಬಿಳಿ ಮಿಷನರಿಗಳಿಗಾಗಿ ಬರೆದ ಪುಸ್ತಕಗಳಲ್ಲಿ ಅದು ಸಿಗುವುದಿಲ್ಲ. ಅಲ್ಲಿ ಭಾರತದವರನ್ನು ‘ಬುಂಬಾಯ್’ ಎಂದು ಕರೆಯುತ್ತಾರೆ. ಬಹಳ ಜನರ ಕಣ್ಣಲ್ಲಿ ಬುಂಬಾಯ್ ಅಂದರೆ ಬೈಕಿನಲ್ಲಿ ಬಂದು ಸಾಲ ಕೊಟ್ಟು ವಸೂಲಿ ಮಾಡುವವನು. ಪಂಜಾಬಿನಿಂದ ಹೋದ ಹಲವರು ಆ ವ್ಯವಹಾರ ಮಾಡುತ್ತಾರೆ. ‘ಐದು-ಆರು’ ಎಂದೇ ಅದಕ್ಕೆ ಹೆಸರು. ಐದು ತೆಗೆದುಕೊಂಡರೆ ಆರು ಕೊಡಬೇಕು, ಅಂದರೆ ಶೇ 20 ಬಡ್ಡಿ. ಬ್ಯಾಂಕ್ ಬಾಗಿಲು ತೆರೆಯದ ತರಕಾರಿ ಮಾರುವವರಿಗೆ ಬೇರೆ ದಾರಿ ಇರುವುದಿಲ್ಲ. ಹಾಗಾಗಿ ಅವನು ಬೇಕು, ಅವನನ್ನು ಕಂಡರೆ ಆಗುವುದೂ ಇಲ್ಲ. ಹಠ ಮಾಡುವ ಮಕ್ಕಳಿಗೆ ‘ಬುಂಬಾಯ್ ಹಿಡಿದುಕೊಂಡು ಹೋಗುತ್ತಾನೆ’ ಎಂದು ಹೆದರಿಸುವ ರೂಢಿಯೂ ಇದೆ. ನಿಮ್ಮ ಗಂಡ ಮೊದಲ ಸಲ ಹಳ್ಳಿ ದಾರಿಯಲ್ಲಿ ಬೈಕಿನಲ್ಲಿ ಹೋದಾಗ ಸಾಲ ಕೇಳುವವರು ಸಿಗಬಹುದು, ಬಾಗಿಲು ಹಾಕಿಕೊಳ್ಳುವವರೂ ಸಿಗಬಹುದು. ಕೋಪ ಮಾಡಿಕೊಳ್ಳದೆ ಹೆಸರು, ಊರು, ಸಭೆ ಹೇಳಿಕೊಂಡರೆ ಸಾಕು. ‘ನಾವು ಅವರಂಥವರಲ್ಲ’ ಎಂದು ಪಂಜಾಬಿನವರನ್ನು ಬೈದು ಒಳ್ಳೆಯವರಾಗಲು ಮಾತ್ರ ಹೋಗಬೇಡಿ. ಅವರಲ್ಲೂ ಮಕ್ಕಳೊಂದಿಗೆ ಪರದೇಶದಲ್ಲಿ ಬದುಕುತ್ತಿರುವ ಕುಟುಂಬಗಳಿವೆ.

ಭಾರತದವರ ನಂಟು ಅಲ್ಲಿ ಇಷ್ಟಕ್ಕೇ ಮುಗಿಯುವುದಿಲ್ಲ ಎಂದು ಮಕ್ಕಳಿಗೆ ಗೊತ್ತಿರಲಿ. 1762ರಿಂದ 1764ರವರೆಗೆ ಬ್ರಿಟಿಷರು ಮನಿಲಾ ಹಿಡಿದುಕೊಂಡಿದ್ದಾಗ ಮದ್ರಾಸಿನಿಂದ ಬಂದ ಸಿಪಾಯಿಗಳಲ್ಲಿ ಕೆಲವರು ಹತ್ತಿರದ ಕಾಯಿಂಟಾದಲ್ಲಿ ಮದುವೆಯಾಗಿ ಉಳಿದರು. ಲೋಸ್ ಬಾನ್ಯೋಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯನ್ನು 1982ರಿಂದ 1988ರವರೆಗೆ ನಡೆಸಿದವರು ಎಂ.ಎಸ್. ಸ್ವಾಮಿನಾಥನ್. ದಾವಾವೊದಂಥ ಊರುಗಳಲ್ಲಿ ನಮ್ಮ ಕಡೆಯ ವೈದ್ಯಕೀಯ ವಿದ್ಯಾರ್ಥಿಗಳು ಈಗ ತುಂಬಾ ಇದ್ದಾರೆ. ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿರುವ ಲಗೂನಾ ತಾಮ್ರಪಟದಲ್ಲಿ ಶಕ ವರ್ಷ 822 ಎಂದು ಬರೆದಿದೆ, ಅಂದರೆ ಕ್ರಿ.ಶ. 900. ನಮ್ಮ ಶಾಸನಗಳ ಅದೇ ಶಕ. ಮನಿಲಾದಲ್ಲಿ ಒಂದು ದಿನ ಸಿಕ್ಕರೆ ತೋರಿಸಿ.

ಇಲ್ಲಿ ಇದ್ದುಕೊಂಡೇ ಫಿಲಿಪಿನೊಗಳನ್ನು ಅರಿಯಲು ನಿಮಗೊಂದು ಸುಲಭದ ದಾರಿಯಿದೆ. ಕುವೈತ್, ದುಬೈ, ದೋಹಾದಲ್ಲಿ ದುಡಿದ ನೆಂಟರು ನಿಮಗೆ ಇದ್ದೇ ಇರುತ್ತಾರೆ. ಅವರ ಜೊತೆ ಆಸ್ಪತ್ರೆ, ಹೋಟೆಲ್‌ಗಳಲ್ಲಿ ಫಿಲಿಪಿನೊಗಳು ಕೆಲಸ ಮಾಡಿರುತ್ತಾರೆ. ಅವರ ಮೂಲಕ ಒಬ್ಬ ಬಿಸಾಯ ಮಾತಿನವರನ್ನು ಹುಡುಕಿ. ವಾರಕ್ಕೊಂದು ಸಲ ಫೋನಿನಲ್ಲಿ ಮಾತಾಡಿ. ಅವರ ಸಮಯಕ್ಕೆ ತಕ್ಕ ಹಣ ಕೊಡಿ. ಬರೀ ವಿಡಿಯೊ ನೋಡುವುದಕ್ಕಿಂತ ಇದು ಎಷ್ಟೋ ಮೇಲು. ಅಲ್ಲಿಗೆ ಹೋದ ಮೇಲೆ ತಾಯಿ ಹೊರದೇಶದಲ್ಲಿ, ಮಕ್ಕಳು ಲೋಲಾ ಹತ್ತಿರ ಇರುವ ಮನೆಗಳನ್ನು ಬಹಳ ನೋಡುತ್ತೀರಿ. ತಾಯಿ ಕಳಿಸುವ ದೊಡ್ಡ ರಟ್ಟಿನ ಡಬ್ಬ ಬಂದ ದಿನ ಆ ಮನೆಯಲ್ಲಿ ಹಬ್ಬ. ಗಲ್ಫ್‌ನಿಂದ ಅಪ್ಪ ಬರುವುದನ್ನು ಕಾದ ಕರಾವಳಿಯ ಮನೆಗಳಿಗೆ ಇದು ಚೆನ್ನಾಗಿ ಗೊತ್ತು. ನೀವು ಆ ಮಕ್ಕಳ ಜೊತೆ ಕೂರಲು ಬಲ್ಲಿರಿ. ಊರಿನಿಂದ ಬರುವವರು ಉಡುಗೊರೆ ತರಬೇಕು ಎಂಬುದೂ ಅಲ್ಲಿ ಪದ್ಧತಿ. ಗೇರುಬೀಜದ ಪೊಟ್ಟಣಗಳು ಸಾಕು.

ಸಾವಿನ ಮನೆಗೆ ಹೋಗುವುದನ್ನು ತಪ್ಪಿಸಬೇಡಿ. ಅಲ್ಲಿ ಶವವನ್ನು ಎಷ್ಟೋ ದಿನ ಮನೆಯಲ್ಲೇ ಇಟ್ಟು ರಾತ್ರಿಯಿಡೀ ಕಾಯುತ್ತಾರೆ. ಬಂದವರಿಗೆ ಕಾಫಿ, ಬಿಸ್ಕತ್ತು. ಅಂಗಳದಲ್ಲಿ ಇಸ್ಪೀಟು ಆಡುತ್ತಿರುತ್ತಾರೆ. ಆಟದ ಹಣದಲ್ಲಿ ಒಂದು ಪಾಲು ಮನೆಯವರ ಖರ್ಚಿಗೆ ಹೋಗುತ್ತದೆ. ಪ್ರೊಟೆಸ್ಟೆಂಟ್ ಮನೆಗಳಲ್ಲಿ ಪ್ರತಿ ರಾತ್ರಿ ಆರಾಧನೆ ಇರುತ್ತದೆ. ಇಸ್ಪೀಟು ಕಂಡು ಮುಖ ಸಿಂಡರಿಸಬೇಡಿ. ಆ ಮನೆಯವರು ಒಂಟಿಯಾಗಿ ಎಚ್ಚರ ಇರಬಾರದು ಎಂಬುದೇ ಅದರ ಉದ್ದೇಶ. ಕೈಯಲ್ಲಾದಷ್ಟು ಹಣ ಲಕೋಟೆಯಲ್ಲಿ ಕೊಟ್ಟು, ಸುಮ್ನೆ ಹೋಗಿ ಕೂರಿ. ಭಾಷೆ ಬಾರದಿದ್ದರೂ ಪರವಾಗಿಲ್ಲ. ನೀವು ಬಂದಿರಿ ಎಂಬುದನ್ನು ಊರು ನೆನಪಿಟ್ಟುಕೊಳ್ಳುತ್ತದೆ.

ದೀಕ್ಷಾಸ್ನಾನ, ಮದುವೆಗಳಿಗೆ ನಿಮ್ಮನ್ನು ನಿನೋಂಗ್, ನಿನಾಂಗ್ (ಧರ್ಮತಂದೆ, ಧರ್ಮತಾಯಿ) ಆಗಿ ಎಂದು ಕರೆಯುತ್ತಾರೆ. ದೊಡ್ಡ ಮರ್ಯಾದೆ ಅದು, ಜೊತೆಗೆ ಮಗುವಿನ ಓದು, ಕಾಯಿಲೆ, ಕ್ರಿಸ್ಮಸ್ ಉಡುಗೊರೆವರೆಗೂ ಮುಂದುವರಿಯುವ ಜವಾಬ್ದಾರಿ. ಮೊದಲ ವರ್ಷವೇ ಎಲ್ಲದಕ್ಕೂ ಹೂಂ ಅನ್ನಬೇಡಿ. ಅಲ್ಲಿನ ಪಾಸ್ಟರ್ ಹೆಂಡತಿಯನ್ನು ಕೇಳಿ ತೀರ್ಮಾನ ಮಾಡಿ. ಕ್ರಿಸ್ಮಸ್ ವಾತಾವರಣವಂತೂ ಸೆಪ್ಟೆಂಬರ್‌ನಲ್ಲೇ ಶುರು. ಡಿಸೆಂಬರ್ 16ರಿಂದ 24ರವರೆಗೆ ಕ್ಯಾಥೊಲಿಕರು ಬೆಳಗಿನ ಜಾವದ ಪೂಜೆಗೆ ಹೋಗುತ್ತಾರೆ. ಮಕ್ಕಳನ್ನು ಒಂದು ದಿನ ಕರೆದುಕೊಂಡು ಹೋಗಿ, ಹಿಂದೆ ಕೂತು ಹಾಡು ಕೇಳಿಸಿ.

ನೆಗ್ರೋಸ್ ಬಗ್ಗೆ ಒಂದು ಕಷ್ಟದ ಮಾತು. ಅದು ಕಬ್ಬಿನ ದ್ವೀಪ. ದೊಡ್ಡ ಎಸ್ಟೇಟುಗಳು, ಭೂಮಿ ಇಲ್ಲದ ಕೂಲಿಗಳು. ಕಬ್ಬು ಅರೆಯುವ ಕಾಲ ಮುಗಿದು ಮುಂದಿನದು ಶುರುವಾಗುವವರೆಗಿನ ತಿಂಗಳುಗಳನ್ನು ಅಲ್ಲಿನವರು ಸತ್ತ ಕಾಲ ಎಂದೇ ಕರೆಯುತ್ತಾರೆ, ಆಗ ಕೂಲಿ ಇರುವುದಿಲ್ಲ. 1980ರ ದಶಕದ ನಡುವೆ ಸಕ್ಕರೆ ಬೆಲೆ ಕುಸಿದಾಗ ಮಕ್ಕಳು ಹಸಿವಿನಿಂದ ಸತ್ತರು. ಈ ನೆಲದ ಜಗಳದಲ್ಲಿ ಬಂದೂಕುಗಳೂ ಇವೆ. ಬಡವರ ಪರ ಮಾತಾಡಿದ ಸಭೆಯವರಿಗೆ ಬಂಡುಕೋರರ ಹಣೆಪಟ್ಟಿ ಹಚ್ಚಿದ್ದೂ ಇದೆ. ನೀವು ಪರದೇಶದವರು. 2018ರಲ್ಲಿ, 27 ವರ್ಷ ಅಲ್ಲಿ ಸೇವೆ ಮಾಡಿದ್ದ ಆಸ್ಟ್ರೇಲಿಯಾದ ಸನ್ಯಾಸಿನಿ ಪ್ಯಾಟ್ರಿಷಿಯಾ ಫಾಕ್ಸ್, ಪ್ರತಿಭಟನೆಗಳಲ್ಲಿ ಸೇರಿದರು ಎಂಬ ಕಾರಣಕ್ಕೆ ದೇಶ ಬಿಡಬೇಕಾಯಿತು. ಹಾಗಂತ ಬಡವರ ಕಷ್ಟ ಕಂಡೂ ಕಾಣದಂತೆ ಇರಿ ಎಂದು ನಾನು ಹೇಳುವುದಿಲ್ಲ. ಅಲ್ಲಿನ ಸಭೆಯ ಹಿರಿಯರನ್ನು ಕೇಳದೆ ಹೆಜ್ಜೆ ಇಡಬೇಡಿ. ತಪ್ಪಾದರೆ ನಿಮಗೆ ಮರಳಲು ಊರಿದೆ, ಅವರಿಗೆ ಇರುವುದು ಅದೇ ಊರು.

ಕಾಗದಪತ್ರದ ವಿಷಯ ಚಿಕ್ಕದು. ಮಿಷನರಿಗಳಿಗೆ 9(ಜಿ) ವೀಸಾ ಬೇಕು. ಕರೆಯುವ ಸಭೆಯೇ ಅರ್ಜಿ ಹಾಕಬೇಕು. ಪ್ರವಾಸಿಯಾಗಿ ಹೋಗಿ ಸಭೆಯ ಕೆಲಸ ಶುರು ಮಾಡಬೇಡಿ. ಭಾರತದವರು 14 ದಿನದ ಪ್ರವಾಸಕ್ಕೆ ವೀಸಾ ಇಲ್ಲದೆ ಹೋಗಬಹುದು ಎಂದು 2025ರ ಜೂನ್‌ನಲ್ಲಿ ನಿಯಮ ಬಂತು. ಸಾಧ್ಯವಾದರೆ ಮಗಳನ್ನು ಕರೆದುಕೊಂಡು ಒಂದು ಸಲ ಸುಮ್ನೆ ನೋಡಿಕೊಂಡು ಬನ್ನಿ. ಟಿಕೆಟ್ ತೆಗೆಯುವ ಮುಂಚೆ ರಾಯಭಾರ ಕಚೇರಿಯಲ್ಲಿ ಆ ಹೊತ್ತಿನ ನಿಯಮ ಕೇಳಿಕೊಳ್ಳಿ.

ಅತ್ತೆಯವರ ಹೆದರಿಕೆಗೆ ಕಾರಣ ಇದೆ, ಅದನ್ನು ತಳ್ಳಿಹಾಕಬೇಡಿ. 2012ರ ಫೆಬ್ರವರಿ 6ರಂದು ನೆಗ್ರೋಸ್‌ನ ಪೂರ್ವ ಭಾಗದಲ್ಲಿ 6.7 ತೀವ್ರತೆಯ ಭೂಕಂಪ ಆಯಿತು. 2021ರ ಡಿಸೆಂಬರ್‌ನಲ್ಲಿ ಒಡೆಟ್ ಚಂಡಮಾರುತ ಆ ದ್ವೀಪಕ್ಕೂ ಅಪ್ಪಳಿಸಿತು. ಉತ್ತರದಲ್ಲಿರುವ ಕನ್ಲಾವೊನ್ ಜ್ವಾಲಾಮುಖಿ 2024ರಲ್ಲಿ ಎರಡು ಸಲ ಸಿಡಿಯಿತು. ಅಲ್ಲಿನವರು ಇದರ ಜೊತೆಗೇ ಬದುಕಲು ಕಲಿತಿದ್ದಾರೆ. ಚಂಡಮಾರುತಕ್ಕೆ 1ರಿಂದ 5ರವರೆಗೆ ಎಚ್ಚರಿಕೆಯ ಸಂಖ್ಯೆ ಇದೆ. ಶಾಲೆಗಳಲ್ಲಿ ಭೂಕಂಪದ ಅಭ್ಯಾಸ ಮಾಡಿಸುತ್ತಾರೆ. ಮನೆ ಹುಡುಕುವಾಗ ಹೊಳೆದಂಡೆ, ತಗ್ಗು ಜಾಗ ಬೇಡ. ಪಾಸ್‌ಪೋರ್ಟ್, ಔಷಧಿ, ಟಾರ್ಚ್, ಮೂರು ದಿನದ ನೀರು, ತಿಂಡಿ ಇರುವ ಒಂದು ಚೀಲ ಸದಾ ಬಾಗಿಲ ಬಳಿ ಇರಲಿ. ಗಾಳಿಗೆ ಮೊದಲು ಬೀಳುವುದು ವಿದ್ಯುತ್ ಮತ್ತು ಫೋನ್. ಎರಡು ಮೂರು ದಿನ ಸುದ್ದಿ ಬರದಿದ್ದರೆ ಕೆಟ್ಟದ್ದೇ ಆಗಿದೆ ಎಂದು ತಿಳಿಯಬಾರದು ಅಂತ ಅತ್ತೆಯವರಿಗೆ ಈಗಲೇ ಹೇಳಿಡಿ. ದುಮಗೆಟೆಯ ಸಭೆಯ ಕಚೇರಿ ನಂಬರ್, ಮನಿಲಾದ ಭಾರತೀಯ ರಾಯಭಾರ ಕಚೇರಿ ನಂಬರ್ ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಅವರ ಫೋನಿನ ಹತ್ತಿರ ಅಂಟಿಸಿ. ನೀವು ಸಿಗದಾಗ ಉಡುಪಿಯಲ್ಲಿ ಯಾರು ಆ ನಂಬರಿಗೆ ಫೋನ್ ಮಾಡಬೇಕು, ಅವರಿಗೆ ಬಂದು ಯಾರು ಸುದ್ದಿ ಹೇಳಬೇಕು ಎಂದು ಹೆಸರು ಹಿಡಿದು ಗೊತ್ತುಮಾಡಿ, ಆಮೇಲೆ ಹೊರಡಿ.